ಎರಡನೇ ಗೇರಿನ ಈರಣ್ಣ

ಪುಣೆಯ ಧನಕವಡಿಯ ಈರಣ್ಣನಿಗೆ ವ್ಯಾನು ಓಡಿಸಲು ಬರುತ್ತಿತ್ತು ಎಂದರೆ ಸುಳ್ಳಲ್ಲ, ಬರುತ್ತಿರಲಿಲ್ಲ ಎಂದರೂ ಸುಳ್ಳಲ್ಲ. ಎರಡನೇ ಗೇರಿನವರೆಗೆ ಬರುತ್ತಿತ್ತು. ಅದರ ಆಚೆಗೂ ಗೇರುಗಳಿವೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೇರಿನ ಗುಂಡಿಯ ಮೇಲೆ ಅವುಗಳ ಅಂಕಿ ಬಿಳಿ ಬಣ್ಣದಲ್ಲಿ ಬರೆದಿರುವುದನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದ. ನೋಡಿ, ದೂರದ ನೆಂಟರಿಗೆ ಮಾಡುವಂತೆ ಮನಸ್ಸಿನಲ್ಲೇ ಒಂದು ನಮಸ್ಕಾರ ಮಾಡಿ, ಎರಡನೆಯದನ್ನೇ ಹಾಕಿಕೊಂಡು ಹೊರಡುತ್ತಿದ್ದ.

ಇದಕ್ಕೆ ಕಾರಣವಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಮೂರನೇ ಗೇರಿನ ಪಾಠದ ದಿನ ಗಾಡಿ ನೆಟ್ಟಗೆ ಒಂದು ಕಬ್ಬಿನ ಹಾಲಿನ ಅಂಗಡಿಯೊಳಗೆ ಹೋಗಿ ನಿಂತಿತ್ತು. ಕಲಿಸುವ ಮಾಸ್ತರು ತಲೆಯ ಮೇಲಿನ ಕಬ್ಬಿನ ಸಿಪ್ಪೆ ತೆಗೆದುಹಾಕಿ, "ಇವತ್ತಿಗೆ ಇಷ್ಟು ಸಾಕು" ಎಂದರು. ಮರುದಿನ ಅವರು ತಮ್ಮ ಊರಿಗೆ ಹೋದವರು ಮತ್ತೆ ಬರಲಿಲ್ಲ. ಲೈಸೆನ್ಸು ಮಾತ್ರ ಬಂತು. ಅದು ಹೇಗೆ ಬಂತು ಎಂಬುದು ಬೇರೆಯೇ ಕಥೆ, ಅದನ್ನು ಹೇಳುವುದು ಯಾರಿಗೂ ಒಳ್ಳೆಯದಲ್ಲ.

ಈರಣ್ಣ ಗದಗಿನ ಕಡೆಯವನು. ಪುಣೆಗೆ ಬಂದು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ವ್ಯಾಪಾರ ಹಿಡಿದಿದ್ದ. ಮನೆಯಲ್ಲಿ ಹೆಂಡತಿ ಶೈಲಾ ಇಬ್ಬರು ಹೆಂಗಸರನ್ನು ಇಟ್ಟುಕೊಂಡು ರೊಟ್ಟಿ ಬಡಿಯುವಳು, ಈರಣ್ಣ ಡಬ್ಬಿಗೆ ತುಂಬಿ ಹೈವೇ ಬದಿಯ ಖಾನಾವಳಿಗಳಿಗೆ ಮುಟ್ಟಿಸುವನು. ಇಷ್ಟು ಸಾವಕಾಶ ಯಾಕೆ ಹೊಡೀತೀರಿ ಎಂದು ಯಾರಾದರೂ ಕೇಳಿದರೆ ಅವನಲ್ಲಿ ಉತ್ತರ ತಯಾರಿತ್ತು: "ರೊಟ್ಟಿ ಒಡೀತಾವ್ರಿ." ಖಾಲಿ ಡಬ್ಬಿ ತುಂಬಿಕೊಂಡು ಹಿಂದೆ ಬರುವಾಗಲೂ ಅವನು ಅಷ್ಟೇ ಸಾವಕಾಶ ಬರುತ್ತಿದ್ದ. ಅದನ್ನು ಯಾರೂ ಕೇಳಲಿಲ್ಲ. ಶೈಲಾ ಕೂಡ ಕೇಳಲಿಲ್ಲ.

ಅವನು ದಿನಾ ಹೋಗುವ ದಾರಿಯಲ್ಲಿ ಒಂದು ಇಳಿಜಾರಿತ್ತು. ಮರಾಠಿ ಮಂದಿ ಅದನ್ನು 'ವಡಾಚಾ ಉತಾರ' ಎನ್ನುತ್ತಿದ್ದರು, ಆಲದ ಮರದ ಇಳಿಜಾರು. ಮರ ರಸ್ತೆ ಅಗಲ ಮಾಡುವಾಗಲೇ ಹೋಗಿತ್ತು. ಮರ ಇದ್ದ ಜಾಗದಲ್ಲಿ ಈಗ ಒಂದು ತಿರುವು, ತಿರುವಿನಲ್ಲಿ ಒಂದು ಗುಂಡಿ. ಮೇಲಿನಿಂದ ಬರುವ ಲಾರಿಗಳು ಗುಂಡಿ ತಪ್ಪಿಸಲು ಹೋಗಿ ಪಕ್ಕದವರ ಮೇಲೆ ಹೋಗುತ್ತಿದ್ದವು, ಪಕ್ಕದವರನ್ನು ತಪ್ಪಿಸಲು ಹೋದರೆ ಗುಂಡಿಗೆ ಬೀಳುತ್ತಿದ್ದವು. ಗುಂಡಿ ಮುಚ್ಚಿರಿ, ತಿರುವು ಸರಿ ಮಾಡಿರಿ, ದೀಪ ಹಾಕಿರಿ ಎಂದು ಜನ ಬಾಯಿ ಬಾಯಿ ಬಡಿದುಕೊಂಡರು.

ಮಾರ್ಗ ಸುರಕ್ಷಾ ಪ್ರಾಧಿಕಾರ ಎಂಬ ಕಚೇರಿ ಈ ಕೂಗಿಗೆ ಕಿವಿಗೊಡಲಿಲ್ಲ ಎಂದು ಹೇಳುವುದು ಅನ್ಯಾಯ. ಅದು ಕೂಡಲೇ ಒಂದು ಬೋರ್ಡು ಹಾಕಿತು: ಅಪಘಾತದ ಜಾಗ, ಹುಷಾರ್. ಅಪಘಾತ ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ಬೋರ್ಡು ಹಾಕಿತು. ಒಂದು ಟೆಂಪೋ ಆ ದೊಡ್ಡ ಬೋರ್ಡಿಗೇ ಹೋಗಿ ಗುದ್ದಿತು. ಆಗ, ಮುಂದೆ ಬೋರ್ಡ್ ಇದೆ ಹುಷಾರ್ ಎಂದು ಇನ್ನೊಂದು ಬೋರ್ಡು ಬಂತು. ಕೊನೆಗೆ ಇಳಿಜಾರಿನಲ್ಲಿ ಯಾವ ಗಾಡಿಯೂ ತಾಸಿಗೆ ಇಪ್ಪತ್ತು ಕಿಲೋಮೀಟರ್ ದಾಟಬಾರದೆಂದು ಆಜ್ಞೆ ಮಾಡಿ, ಕಂಬಕ್ಕೊಂದು ಕ್ಯಾಮೆರಾ ಕಟ್ಟಿದರು. ಕ್ಯಾಮೆರಾಕ್ಕೆ ಸರಿಯಾಗಿ ಕಾಣಲಿ ಎಂದು ಅದರ ನೆತ್ತಿಯ ಮೇಲೆ ಒಂದು ದೀಪ ಹಾಕಿದರು. ರಸ್ತೆಗೆ ದೀಪ ಕೇಳಿದವರಿಗೆಲ್ಲ ಈ ದೀಪವನ್ನೇ ತೋರಿಸಲಾಯಿತು.

ಆ ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ಬಿಟ್ಟರೂ ಗಾಡಿ ತಾನಾಗಿಯೇ ನಲವತ್ತರಲ್ಲಿ ಉರುಳುತ್ತದೆ. ಸೈಕಲ್ಲಿನ ಮೇಲೆ ಹಾಲು ತರುವವನ ಫೋಟೋ ಕೂಡ ಕ್ಯಾಮೆರಾದಲ್ಲಿ ಬಂತು. ಊರವರ ಮೊಬೈಲುಗಳೆಲ್ಲ ಟಣ್ ಟಣ್ ಎಂದು ದಂಡದ ಚಲಾನು ನುಂಗತೊಡಗಿದವು.

ಈರಣ್ಣನ ಬಿಲ್ಡಿಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಸಿಟ್ಟಿಗೆದ್ದವನು ಮೇಲಿನ ಮನೆಯ ಶ್ರೀನಾಥ್. ಮೈಸೂರಿನ ಹುಡುಗ, ಮಗರಪಟ್ಟಾದಲ್ಲಿ ಕಂಪ್ಯೂಟರಿನ ಕೆಲಸ. ಅವನ ಹೆಂಡತಿ ಇಂಪನಾ ಇಳಿಜಾರಿನ ಆಚೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಅವಳನ್ನು ಅಲ್ಲಿ ಬಿಟ್ಟು ಬರುತ್ತಿದ್ದ. ಒಂದು ಸಂಜೆ ಪಾರ್ಕಿಂಗಿನಲ್ಲಿ ಸಭೆ ಸೇರಿತು.

"ಇದು ಟೂ ಮಚ್ ಅಂಕಲ್," ಎಂದ ಶ್ರೀನಾಥ್. "ಇಳಿಜಾರಲ್ಲಿ ಟ್ವೆಂಟಿ ಅಂದ್ರೆ ನಾನು ಬ್ರೇಕ್ ಮೇಲೆ ಎದ್ದು ನಿಂತ್ಕೋಬೇಕು. ಹಿಂದಿಂದ ಲಾರಿ ಬಂದು ನನ್ ಮೇಲೆ ನಿಂತ್ಕೊಳುತ್ತೆ. ಇದು ಸೇಫ್ಟಿನಾ? ಎಲ್ರೂ ಹೋಗಿ ಆಫೀಸರ್‌ಗೆ ಹೇಳೋಣ, ಅಲ್ಲಿ ಇಪ್ಪತ್ತರಲ್ಲಿ ಹೋಗೋದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ ಅಂತ. ನೀವೂ ಬನ್ನಿ. ನಿಮಗೆ ಮರಾಠಿ ಚೆನ್ನಾಗಿ ಬರುತ್ತೆ, ವಯಸ್ಸೂ ಆಗಿದೆ."

"ನಾ ಯಾಕ್ರಿ..." ಎಂದ ಈರಣ್ಣ. ಆದರೆ ಬಿಳೀ ಅಂಗಿ ಹಾಕಿದವನು ಸಭೆಯಲ್ಲಿ ಅವನೊಬ್ಬನೇ ಇದ್ದ. ಮುಖಂಡತ್ವಕ್ಕೆ ಅಷ್ಟು ಸಾಕಾಯಿತು.

ನಿಯೋಗದವರೆಲ್ಲ ತಮ್ಮ ತಮ್ಮ ಗಾಡಿಗಳಲ್ಲಿ ಕಚೇರಿ ಮುಟ್ಟಿ, ಚಹಾ ಕುಡಿದು, ಇನ್ನೊಂದು ಚಹಾ ಕುಡಿದು, ಈರಣ್ಣನಿಗೆ ಏನಾದರೂ ಆಯಿತೇ ಎಂದು ಗಾಬರಿಯಾಗುವ ಹೊತ್ತಿಗೆ ಅವನ ವ್ಯಾನು ಗೇಟಿನಲ್ಲಿ ಗುಂಯ್‌ಗುಡುತ್ತ ಕಾಣಿಸಿತು.

ಪ್ರಾಧಿಕಾರದ ಮುಖ್ಯಸ್ಥರು ಕೋಂಢಾಳಕರ ಸಾಹೇಬರು. ತೂಕದ ಮನುಷ್ಯ. ಮಾತು ನಡೆದದ್ದು ಮರಾಠಿಯಲ್ಲಿ. ಈರಣ್ಣನ ಕಿವಿಗೆ ಹೇಗೆ ಬಿತ್ತೋ ಹಾಗೆಯೇ ಇಲ್ಲಿ ಹೇಳಿದೆ. ಸಾಹೇಬರು ಕಣ್ಣು ಮುಚ್ಚಿ ಎಲ್ಲರ ದೂರನ್ನೂ ಕೇಳಿದರು. ಅಲ್ಲಿ ಇಪ್ಪತ್ತರಲ್ಲಿ ಹೋಗುವುದು ಯಾರಿಂದಲೂ ಆಗದ ಮಾತು ಎಂದು ಶ್ರೀನಾಥ್ ಹಿಂದಿಯಲ್ಲಿ ಮೇಜು ಗುದ್ದಿ ಹೇಳಿದ ಮೇಲೆ ಕಣ್ಣು ತೆರೆದು, "ನಿಮ್ಮ ಗಾಡಿ ನಂಬರ್ ಹೇಳ್ರಿ" ಎಂದರು.

ಗುಮಾಸ್ತ ಕಂಪ್ಯೂಟರಿನಲ್ಲಿ ಒಂದೊಂದೇ ನಂಬರ್ ಹೊಡೆದ. ಒಬ್ಬೊಬ್ಬರ ಪಾಪವೂ ಫೋಟೋ ಸಮೇತ ಗೋಡೆಯ ಮೇಲಿನ ಪರದೆಯಲ್ಲಿ ಮೂಡಿತು. ಶ್ರೀನಾಥನಂತೂ ಬಾಯಿ ಇಷ್ಟಗಲ ತೆರೆದು ಹಾಡು ಹೇಳುತ್ತ ಕಾನೂನು ಮುರಿಯುತ್ತಿದ್ದ. ಕೊನೆಗೆ ಈರಣ್ಣನ ನಂಬರ್ ಹೊಡೆದರು. ಪರದೆ ಖಾಲಿ.

"ಕಂಪ್ಯೂಟರ್ ಹ್ಯಾಂಗ್ ಆಗಿರ್ಬೇಕು," ಎಂದ ಶ್ರೀನಾಥ್.

ಗುಮಾಸ್ತ ಮತ್ತೊಮ್ಮೆ ಹೊಡೆದ. ಖಾಲಿ. ಆಗ ಕೋಂಢಾಳಕರ ಸಾಹೇಬರು ಕುರ್ಚಿ ಬಿಟ್ಟು ಎದ್ದು ನಿಂತರು. ಸಾಹೇಬರು ಕಚೇರಿ ವೇಳೆಯಲ್ಲಿ ನಿಂತದ್ದನ್ನು ನೋಡಿರದ ಜವಾನ, ಭೂಕಂಪವಾಯಿತೆಂದು ತಿಳಿದು ಬಾಗಿಲ ಕಡೆ ಓಡಿದ.

"ನೀವು ದಿನಾ ಆ ಇಳಿಜಾರಿನ್ಯಾಗ ಹೋಗ್ತೀರೇನು?"

"ಹೌದ್ರಿ ಸಾಹೇಬ್ರ."

"ಇಪ್ಪತ್ತರೊಳಗ?"

"ಹೌದ್ರಿ."

"ಹೆಂಗ ಸಾಧ್ಯ ಆತು?"

ನಿಜ ಈರಣ್ಣನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಬಿಲ್ಡಿಂಗಿನ ಗಂಡಸರೆಲ್ಲ ಸುತ್ತ ನಿಂತು ಅವನ ಬಾಯನ್ನೇ ನೋಡುತ್ತಿದ್ದರು. ಗೇರು ಹಾಕಲು ಬರುವುದಿಲ್ಲ ಎಂದು ಇಷ್ಟು ಮಂದಿ ಗಂಡಸರೆದುರು ಹೇಳುವುದು ಹೇಗೆ?

"ಕಾಯ್ದೆ ಅಂದ್ರ ಕಾಯ್ದೆರಿ," ಎಂಬ ಮಾತು ಕೇಳಿಸಿತು. ಹೇಳಿದವರು ಯಾರೆಂದು ಈರಣ್ಣನೂ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆಯಿತ್ತು.

"ವಾಹ್ವಾ!" ಎಂದರು ಸಾಹೇಬರು. "ಕೇಳ್ರಿ ಎಲ್ಲಾರೂ! ಸಾಧ್ಯ ಇಲ್ಲ ಅಂದ್ರಿ. ಇಲ್ಲೆ ನಿಂತದ ನೋಡ್ರಿ ಸಾಧ್ಯ, ಬಿಳೀ ಅಂಗಿ ಹಾಕ್ಕೊಂಡು!"

ಅಲ್ಲಿಗೆ ನಿಯೋಗದ ಕೆಲಸ ಮುಗಿಯಿತು. ಮೆಟ್ಟಿಲಿಳಿಯುವಾಗ ಶ್ರೀನಾಥ್ ತಡೆಯಲಾರದೆ ಕೇಳಿದ: "ಅಂಕಲ್, ನೀವು ಯಾವ ಕಡೆ?"

"ನಾ... ಎಡಗಡೆರಿ," ಎಂದ ಈರಣ್ಣ, ಇನ್ನೂ ಗಲಿಬಿಲಿಯಲ್ಲೇ. "ಯಾವಾಗ್ಲೂ ಎಡಗಡೆನ ಹೋಗ್ತೇನಿ."

ಹೊರಡುವ ಮುಂಚೆ ಸಾಹೇಬರ ಮಂದಿ ಅವನದೊಂದು ಫೋಟೋ ತೆಗೆದುಕೊಂಡಿದ್ದರು. ಆ ಕ್ಷಣದಲ್ಲಿ ಈರಣ್ಣ ಕಿರುಬೆರಳೆತ್ತಿ, ಇಲ್ಲಿ ಪಾಯಖಾನೆ ಎಲ್ಲಿದೆ ಎಂದು ಜವಾನನನ್ನು ಕೇಳುತ್ತಿದ್ದ. ಯಾರೋ ಕಂಪ್ಯೂಟರಿನಲ್ಲಿ ಕಿರುಬೆರಳು ತೆಗೆದು ತೋರುಬೆರಳು ಅಂಟಿಸಿದರು. ಮುಂದಿನ ವಾರ ವಡಾಚಾ ಉತಾರದ ತಿರುವಿನಲ್ಲಿ, ಗುಂಡಿಯ ನೇರ ಮೇಲೆ, ಎರಡು ಮಾಳಿಗೆ ಎತ್ತರದ ಈರಣ್ಣ ಎದ್ದು ನಿಂತ. ಬೆರಳೆತ್ತಿ ಇಡೀ ಹೈವೇಯನ್ನು ಗದರಿಸುತ್ತಿದ್ದ. ಕೆಳಗೆ ಮರಾಠಿಯಲ್ಲಿ ಬರೆದಿತ್ತು: "ನಾನು ಈರಣ್ಣ. ನಾನು ಇಪ್ಪತ್ತು ದಾಟುವುದಿಲ್ಲ. ನೀವು?"

ನಾವು ದಾಟುತ್ತೇವೆ ಎಂದು ಹೇಳಲು ಜನಕ್ಕೆ ಅಲ್ಲಿ ಬೇಕಾದಷ್ಟು ಪುರುಸೊತ್ತಿತ್ತು, ಯಾಕೆಂದರೆ ತಿರುವಿನಲ್ಲಿ ದಿನಾ ಗಾಡಿಗಳು ಜಾಮಾಗಿ ನಿಲ್ಲುತ್ತಿದ್ದವು. ಮುಂದೆ ಗುಂಡಿ, ಹಿಂದೆ ಲಾರಿ, ಮೇಲೆ ಈರಣ್ಣ. ಜನ ಗುಂಡಿಯನ್ನು ಬಿಟ್ಟರು, ಲಾರಿಯನ್ನು ಬಿಟ್ಟರು, ಈರಣ್ಣನನ್ನು ಹಿಡಿದರು. ಮರಾಠಿ, ಹಿಂದಿ, ಪಂಜಾಬಿ, ತಮಿಳು, ಎಲ್ಲ ಭಾಷೆಗಳಲ್ಲೂ ಬೈದರು. ಒಂದು ದಿನ ಈರಣ್ಣನ ವ್ಯಾನಿನ ಪಕ್ಕದಲ್ಲೇ ಸಿಕ್ಕಿಬಿದ್ದಿದ್ದ ವಿಜಯಪುರದ ಲಾರಿಯವನು ಕಿಟಕಿಯಿಂದ ತಲೆ ಹಾಕಿ, "ಯಾರ್ರೀ ಆ ಮನಷ್ಯಾ? ಸಿಕ್ರ ನಡೂ ರೋಡಿನ್ಯಾಗ ನಿಂದ್ರಿಸಿ ಒದೀಬೇಕ್ರಿ" ಎಂದ. ಈರಣ್ಣ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, "ಖರೇ ಅದರಿ, ಒದೀಬೇಕು" ಎಂದ.

ಬಿಲ್ಡಿಂಗಿನಲ್ಲಿ ಮಾತು ನಿಂತಿತು. ಅವನು ಲಿಫ್ಟಿಗೆ ಬಂದರೆ ಉಳಿದವರಿಗೆಲ್ಲ ಒಮ್ಮೆಲೇ ಆರೋಗ್ಯದ ನೆನಪಾಗಿ ಮೆಟ್ಟಿಲು ಹತ್ತುತ್ತಿದ್ದರು. ಇಂಪನಾ ರೊಟ್ಟಿ ಒಯ್ಯುವುದನ್ನು ಬಿಟ್ಟಳು. ಒಬ್ಬ ಖಾನಾವಳಿಯವನು ಫೋನ್ ಮಾಡಿ, "ನಿಮ್ಮ ಫೋಟೋ ನೋಡಿ ನಮ್ಮ ಗಿರಾಕಿ ಲಾರಿಯವ್ರು ನಿಮ್ಮ ರೊಟ್ಟಿ ಮುಟ್ಟವಲ್ರು, ಮುಂದಿನ ವಾರದಿಂದ ಬ್ಯಾಡ್ರಿ" ಎಂದ. ವ್ಯಾಪಾರ ಹೋದರೆ ಪುಣೆಯಲ್ಲಿ ಅವನಿಗೆ ಬೇರೆ ಏನೂ ಇರಲಿಲ್ಲ.

ಸಂತೋಷಪಟ್ಟ ಜೀವ ಒಂದೇ: ಅತ್ತೆ ಕಲ್ಲವ್ವ. ಶೈಲಾ ಕಳಿಸಿದ ಫೋಟೋ ನೋಡಿ, ಗದಗಿನಿಂದ ರೈಲು ಹತ್ತಿ ಬಂದೇ ಬಿಟ್ಟಳು. ಇಳಿಜಾರಿನ ಕೆಳಗೆ ನಿಂತು, ಕತ್ತು ನೋಯುವವರೆಗೆ ಅಳಿಯನನ್ನು ನೋಡಿ, ದೃಷ್ಟಿ ತೆಗೆದಳು.

"ಈರಣ್ಣಾರ, ರಾಂಜಣಗಾಂವದ ಗಣಪತಿ ಭಾಳ ಜಾಗೃತ ಅದಾನ ಅಂತ. ನಿಮ್ಮ ಗಾಡಿಯಾಗ ಕುಂತು ಹೋಗಿ ಬರೂಣ್ರಿ. ಇಂಥಾ ಡ್ರೈವರ್ ಮನ್ಯಾಗ ಇದ್ದು ಬಸ್ಸಿಗೆ ಹೋದ್ರ ಗಣಪತಿ ಏನಂತಾನ?"

ಗಣಪತಿ ಏನೂ ಅನ್ನುತ್ತಿರಲಿಲ್ಲ. ಆದರೆ ಅತ್ತೆಗೆ ಇಲ್ಲ ಎನ್ನುವ ಧೈರ್ಯ ಈರಣ್ಣನಿಗೆ ಬರಲಿಲ್ಲ.

ಊರು ದಾಟುವವರೆಗೆ ಯಾರಿಗೂ ಏನೂ ಅನಿಸಲಿಲ್ಲ. ಪುಣೆಯ ಊರೊಳಗೆ ಎರಡನೇ ಗೇರಿಗಿಂತ ಮುಂದೆ ಹೋದವರು ಯಾರಿದ್ದಾರೆ? ರಾಂಜಣಗಾಂವದ ಹೆದ್ದಾರಿ ಬಿಚ್ಚಿಕೊಂಡ ಮೇಲೆ ಕಷ್ಟ ಶುರುವಾಯಿತು. ಬಸ್ಸು ಕಾರುಗಳು ಹೋಗಲಿ, ಕಬ್ಬಿನ ಟ್ರಾಕ್ಟರು ಮುಂದೆ ಹೋಯಿತು. ಮದುವೆಯ ಬ್ಯಾಂಡಿನ ಗಾಡಿ ಊದುತ್ತಲೇ ಮುಂದೆ ಹೋಯಿತು. ದಾರಿಯಲ್ಲಿ ಭಗವಾ ಧ್ವಜ ಹಿಡಿದು ನಡೆದು ಹೋಗುತ್ತಿದ್ದ ಭಕ್ತರ ಗುಂಪೊಂದನ್ನು ವ್ಯಾನು ಹಿಂದೆ ಹಾಕಿದಾಗ ಕಲ್ಲವ್ವ ಚಪ್ಪಾಳೆ ತಟ್ಟಿದಳು. ಆದರೆ ಇಂಜಿನ್ನು ಕಾದು ಹೊಗೆಯಾಡಿ, ನಿಲ್ಲಿಸಿ ನೀರು ಹಾಕುವಾಗ ಆ ಗುಂಪು ಮೋರಯಾ ಎನ್ನುತ್ತ ಮತ್ತೆ ಮುಂದೆ ಹೋಯಿತು.

"ಈರಣ್ಣಾರ, ಕಾಯ್ದೆ ಇಲ್ಲೂ ಅದ ಏನ್ರಿ?" ಎಂದಳು ಕಲ್ಲವ್ವ.

"ಕಾಯ್ದೆ ಎಲ್ಲಾ ಕಡೆ ಇರತದ ಅತ್ತಿ."

"ಮತ್ತ ಅವ್ರೆಲ್ಲಾ ಹೊಂಟಾರಲ್ಲ?"

"ಅವ್ರು ಓದಿಲ್ಲ ಬಿಡ್ರಿ."

ಶೈಲಾ ಹಿಂದಿನ ಸೀಟಿನ ನಡುವೆ ಕುಳಿತಿದ್ದಳು. ಇಂಜಿನ್ನು ನಾಯಿ ಊಳಿಟ್ಟಂತೆ ಊಳಿಡುವುದನ್ನು ಕೇಳಿ ಕೇಳಿ ಅವಳ ಕಣ್ಣು ಗೇರಿನ ಗುಂಡಿಯ ಮೇಲೆ ಬಿತ್ತು. ಅಂಕಿ ನೋಡಿದಳು. ಗಂಡನ ಕೈ ನೋಡಿದಳು. ಮತ್ತೆ ಅಂಕಿ ನೋಡಿದಳು.

"ರೀ," ಎಂದು ಅವನ ಕಿವಿಯ ಹತ್ತಿರ ಬಾಗಿದಳು. "ಆ ಮೂರು ಅಂತ ಬರದದಲ್ಲ, ಅಲ್ಲಿಗೆ ಯಾಕ ಒಯ್ಯವಲ್ರಿ?"

ಈರಣ್ಣ ಖಾಲಿ ರಸ್ತೆಗೆ ಒಮ್ಮೆ ಹಾರ್ನು ಹೊಡೆದ.

"ರೊಟ್ಟಿ ಇಲ್ಲಲ್ಲ ಇವತ್ತ?"

"ಬರೂದಿಲ್ಲ," ಎಂದ ಈರಣ್ಣ, ತುಟಿ ಅಲುಗಿಸದೆ.

"ಏನು?"

"ಅದನ್ನ ಹಾಕಾಕ ಬರೂದಿಲ್ಲ ನನಗ. ಮೊದಲಿಂದಾನೂ."

ಶೈಲಾ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಅವಳು ಅಳುತ್ತಿದ್ದಾಳೆಂದು ಈರಣ್ಣ ತಿಳಿದ. ಕನ್ನಡಿಯಲ್ಲಿ ನೋಡಿದರೆ ಸೆರಗು ಬಾಯಿಗೆ ತುರುಕಿಕೊಂಡಿದ್ದಳು, ಹೆಗಲು ಗದಗದ ನಡುಗುತ್ತಿದ್ದವು.

"ಏನಾತವ್ವಾ?" ಎಂದಳು ಕಲ್ಲವ್ವ.

"ಏನಿಲ್ಲ ಅವ್ವಾ. ಗಣಪತಿಗೆ ಇವರು ಹರಕಿ ಹೊತ್ತಾರಂತ, ಎರಡನೇ ಗೇರಿನ್ಯಾಗ ಬರತೇನಿ ಅಂತ. ಈಗ ಹೇಳಿದ್ರು."

ಕಲ್ಲವ್ವ ಅಲ್ಲೇ ಕೈ ಮುಗಿದಳು. ಇಂಜಿನ್ನಿಗೆ ಮತ್ತೆ ಮತ್ತೆ ನೀರು ಕುಡಿಸುತ್ತ ದೇವಸ್ಥಾನ ಮುಟ್ಟಿದಾಗ ನಡೆದು ಹೊರಟಿದ್ದ ಭಕ್ತರು ದರ್ಶನ ಮುಗಿಸಿ ಪ್ರಸಾದ ತಿನ್ನುತ್ತಿದ್ದರು. ಪೂಜೆ ಮುಗಿಸಿ ಹಿಂದೆ ಹೊರಟ ಕೂಡಲೇ ಕಲ್ಲವ್ವ, "ಹರಕಿ ತೀರಿತಲ್ರಿ, ಈಗರ ಜೋರ ಹೊಡೀರಿ" ಎಂದಳು. "ಹೋಗಿ ಬರೂ ಹರಕಿ ಅವ್ವಾ," ಎಂದು ಶೈಲಾ ಕಾಪಾಡಿದಳು.

ಮನೆಗೆ ಬಂದ ಮೇಲೆ ಅವಳು ನಗಲಿಲ್ಲ. "ನಾಳೆ ಹೋಗಿ ಸಾಹೇಬ್ರಿಗೆ ಖರೇ ಹೇಳ್ರಿ. ಆ ಫೋಟೋ ಇಳಿಸಲಿ. ಊರ ಮಂದಿ ನಮ್ಮ ಜೋಡಿ ಮಾತು ಬಿಟ್ಟಾರ, ರೊಟ್ಟಿ ತಿನ್ನೂದು ಬಿಟ್ಟಾರ. ಗೇರ್ ಬರದಿದ್ರ ಮಾನ ಹೋಗೂದಿಲ್ಲ, ಸುಳ್ಳ ಕೀರ್ತಿ ಹೊತ್ತುಕೊಂಡು ತಿರುಗಿದ್ರ ಹೋಗತದ."

ಈರಣ್ಣ ಹೋದ. ನಿಜ ಹೇಳಬೇಕೆಂದೇ ಹೋದ. ಆದರೆ ಕೋಂಢಾಳಕರ ಸಾಹೇಬರು ಬಾಗಿಲಲ್ಲೇ ಅವನ ಹೆಗಲಿಗೆ ಕೈ ಹಾಕಿದರು.

"ಬರ್ರಿ, ಬರ್ರಿ! ನಿಮಗೇ ಹೇಳಿ ಕಳಸಾಂವ ಇದ್ದೆ. ಸುರಕ್ಷಾ ಫೇರಿ ಇಟ್ಟೇವಿ, ಗಾಡಿಗಳ ಮೆರವಣಿಗಿ. ಇಳಿಜಾರಿನ ಮ್ಯಾಲಿಂದ ಕೆಳಗಿನ ತನಕ, ಎಲ್ಲಾರೂ ಇಪ್ಪತ್ತರೊಳಗ. ಪೇಪರಿನವ್ರು ಬರ್ತಾರ. ಮುಂದಿನ ಗಾಡಿ ನಿಮ್ಮದು. ನಿಮ್ಮ ಬಾಜೂಕ ನಾನೇ ಕುಂದರ್ತೇನಿ."

"ಸಾಹೇಬ್ರ, ಒಂದ ಮಾತು ಹೇಳೂದಿತ್ತು..."

"ಭಾಷಣ ಎಲ್ಲಾ ಅಲ್ಲೇ ಮಾಡ್ರಿ!" ಎಂದು ಸಾಹೇಬರು ಬೆನ್ನು ಚಪ್ಪರಿಸಿ ಕಳಿಸಿದರು.

ಫೇರಿಯ ದಿನ ಬೆಳಿಗ್ಗೆ ಈರಣ್ಣನ ವ್ಯಾನಿಗೆ ಚೆಂಡುಹೂವಿನ ಮಾಲೆ ಹಾಕಿದರು. ಬಂದ ಅತಿಥಿಗಳಿಗೆ ಹಂಚಲು ಹಿಂದೆ ರೊಟ್ಟಿಯ ಡಬ್ಬಿಗಳು, ಡಬ್ಬಿಗಳ ನಡುವೆ ಶೈಲಾ, ಕಲ್ಲವ್ವ. ಮುಂದೆ ಈರಣ್ಣ, ಅವನ ಪಕ್ಕ ಸಾಹೇಬರು. ಸಾಹೇಬರು ಕೂತ ಕೂಡಲೇ ವ್ಯಾನು ಎಡಕ್ಕೆ ವಾಲಿತು.

ಶ್ರೀನಾಥನೂ ಉಳಿದವರೂ ಸುಮ್ಮನೆ ಬಂದಿರಲಿಲ್ಲ. ಎಲ್ಲರೂ ಅಂಗಿಗೆ ಕರಿ ಪಟ್ಟಿ ಕಟ್ಟಿಕೊಂಡು, ಒಂದು ಉಪಾಯ ಮಾಡಿಕೊಂಡು ಬಂದಿದ್ದರು. "ಇವತ್ತು ರೂಲ್ ಪ್ರಕಾರವೇ ಹೋಗೋಣ. ಕರೆಕ್ಟಾಗಿ ಇಪ್ಪತ್ತು. ಏನಾಗುತ್ತೆ ಅಂತ ಸಾಹೇಬ್ರು ಕಣ್ಣಾರೆ ನೋಡ್ಲಿ." ಹೀಗಾಗಿ ವಡಾಚಾ ಉತಾರದಲ್ಲಿ ಮೊದಲ ಬಾರಿಗೆ ಎಲ್ಲ ಗಾಡಿಗಳೂ ಕಾಯ್ದೆ ಪಾಲಿಸಿದವು. ಸ್ವಲ್ಪ ಹೊತ್ತಿನಲ್ಲೇ ಸಾಲು ಗುಡ್ಡದ ನೆತ್ತಿಯ ಸುರಂಗದವರೆಗೆ ಬೆಳೆಯಿತು.

ಸಾಹೇಬರು ಕಿಟಕಿಯಿಂದ ಕೈ ಬೀಸುತ್ತಿದ್ದರು. "ಹೆಂಗ ಅದ ನೋಡ್ರಿ ಶಿಸ್ತು!" ಎನ್ನುತ್ತಿದ್ದರು. ಅಷ್ಟರಲ್ಲಿ ಮೇಲಿನಿಂದ ಒಂದು ಹಾರ್ನು ಕೇಳಿಸಿತು. ನಿಲ್ಲದ ಹಾರ್ನು. ಕೊಲ್ಹಾಪುರದ ಕಡೆಯಿಂದ ಬೆಲ್ಲ ಹೇರಿಕೊಂಡು ಬಂದ ಲಾರಿ. ಸುರಂಗ ದಾಟಿ ಇಳಿಜಾರಿಗೆ ಬಂದರೆ ಮುಂದೆ ಆಮೆಗಳ ಮೆರವಣಿಗೆ. ಡ್ರೈವರು ಬ್ರೇಕು ಒತ್ತಿ ಒತ್ತಿ, ಬ್ರೇಕು ಕಾದು, ಕೊನೆಗೆ ಅದು ಹಿಡಿಯುವುದನ್ನೇ ಬಿಟ್ಟಿತು. ಅವನು ಲಾರಿಯನ್ನು ಸಾಲಿನಿಂದ ಬಲಕ್ಕೆ ಎಳೆದುಕೊಂಡು, ಖಾಲಿ ಇದ್ದ ಪಟ್ಟಿಯಲ್ಲಿ ದಡದಡ ಇಳಿಯತೊಡಗಿದ. ಶ್ರೀನಾಥ್ ಕಾರನ್ನು ಪೂರಾ ಎಡಕ್ಕೆ ಒತ್ತಿದ. ಅವನ ಹಿಂದಿನವರೂ ಒತ್ತಿದರು. ತಿರುವಿನಲ್ಲಿ ಮಾತ್ರ ಎರಡೂ ಪಟ್ಟಿ ಕೂಡಿ ಒಂದಾಗಿದ್ದವು. ಆ ತಿರುವಿನಲ್ಲಿ ಗುಂಡಿಯ ಮುಂದೆ ಈರಣ್ಣನ ವ್ಯಾನು ತೆವಳುತ್ತಿತ್ತು.

ಸಾಹೇಬರು ಕನ್ನಡಿ ನೋಡಿದರು. ಕನ್ನಡಿಯ ತುಂಬ ಲಾರಿಯಿತ್ತು.

"ಪಳವಾ!" ಎಂದು ಕಿರುಚಿದರು. ಓಡಿಸು ಎಂಬ ಮರಾಠಿ ಮಾತು ಅದು. "ಈರಣ್ಣಾ, ಪಳವಾ!"

"ಇಪ್ಪತ್ತು ಆಗೇದರಿ ಸಾಹೇಬ್ರ!"

"ಇಪ್ಪತ್ತು ಹಾಳಾಗಿ ಹೋಗ್ಲಿ! ಗೇರ್ ಹಾಕ್ರಿ!"

"ಬರೂದಿಲ್ರಿ!"

"ಏನು ಬರೂದಿಲ್ಲ?"

"ಮೂರನೇದು!"

"ಅಯ್ಯೋ, ಹಂಗಂದ್ರ ಹೆಂಗ!"

"ನೀವ ಹಾಕ್ರಿ ಸಾಹೇಬ್ರ!"

"ನನಗ ಒಂದೂ ಬರೂದಿಲ್ಲೋ ಮಾರಾಯಾ!"

ಇಂಥ ಹೊತ್ತಿನಲ್ಲಿ ನಿಜ ಹೊರಬಿದ್ದು ಪ್ರಯೋಜನವೇನು? ಈರಣ್ಣ ಕಣ್ಣು ಮುಚ್ಚಿಕೊಂಡ. ಆಗ ರೊಟ್ಟಿಯ ಡಬ್ಬಿಗಳನ್ನು ಸರಿಸಿ ಶೈಲಾ ಎರಡು ಸೀಟುಗಳ ನಡುವೆ ನುಗ್ಗಿ ಬಂದಳು. ರಾಂಜಣಗಾಂವಕ್ಕೆ ಹೋಗುವಾಗ ಬರುವಾಗ ಅವಳು ನೋಡಿದ್ದು ಆ ಗೇರಿನ ಗುಂಡಿಯ ಚಿತ್ರವೊಂದನ್ನೇ. ಮೂರು ಎಲ್ಲಿದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

"ಕ್ಲಚ್ ಒತ್ರಿ!" ಎಂದಳು.

ಹೆಂಡತಿಯ ಆ ದನಿಗೆ ಈರಣ್ಣನ ಕಾಲು ತನ್ನಷ್ಟಕ್ಕೇ ಒತ್ತಿತು. ಶೈಲಾ ಎರಡೂ ಕೈಯಿಂದ ಗೇರನ್ನು ಎಳೆದು, ಸರಿಸಿ, ಮುಂದಕ್ಕೆ ದೂಡಿದಳು. ಖಟ್ ಎಂದಿತು.

"ಈಗ ಬಿಡ್ರಿ! ಒತ್ರಿ!"

ವ್ಯಾನು ಒಂದು ಕ್ಷಣ ಅನುಮಾನಿಸಿ, ಆಮೇಲೆ ಹಾರಿತು. ಗುಂಡಿಯ ಮೇಲೆ ಹಾರಿ ಆಚೆ ಧೊಪ್ಪನೆ ಬಿತ್ತು. ಡಬ್ಬಿಯೊಳಗಿನ ರೊಟ್ಟಿಯೆಲ್ಲ ಪುಡಿ. ಕ್ಯಾಮೆರಾ ಫಳ್ ಎಂದು ಮಿಂಚಿತು. ಹಿಂದೆಯೇ ಬಂದ ಲಾರಿ ತಿರುವಿನ ಅಂಚಿನಲ್ಲಿದ್ದ ಜಲ್ಲಿಯ ದಿನ್ನೆಗೆ ಮೂತಿ ಹುಗಿದು, ಹಿಂಭಾಗ ಒಮ್ಮೆ ಎತ್ತಿ ಕುಕ್ಕಿ, ನಿಂತುಬಿಟ್ಟಿತು. ಬೆಲ್ಲದ ಪೆಂಟಿಗಳು ಒಂದರ ಹಿಂದೆ ಒಂದು ಇಳಿಜಾರಿನಲ್ಲಿ ಉರುಳಿದವು. ಅವಕ್ಕೂ ಇಪ್ಪತ್ತರ ಪರಿವೆ ಇರಲಿಲ್ಲ.

ಯಾರಿಗೂ ಏನೂ ಆಗಲಿಲ್ಲ. ಲಾರಿ ಡ್ರೈವರು ಇಳಿದು ಬಂದು ನೆಲ ಮುಟ್ಟಿ ನಮಸ್ಕಾರ ಮಾಡಿದ. ಶ್ರೀನಾಥ್ ಓಡಿ ಬಂದು ವ್ಯಾನಿನ ಬಾಗಿಲು ತೆರೆದ. ಸಾಹೇಬರು ಇಳಿದು ಅದೇ ಜಲ್ಲಿಯ ದಿನ್ನೆಯ ಮೇಲೆ ಕುಳಿತರು.

"ಈ ಜಲ್ಲಿ ಇಲ್ಲೆ ಯಾರು ಹಾಕಿದ್ದು?" ಎಂದು ಕೇಳಿದರು.

"ನಾವ ಸಾಹೇಬ್ರ," ಎಂದ ಗುಮಾಸ್ತ. "ಗುಂಡಿ ಮುಚ್ಚಾಕ ಹೋದ ವರ್ಷ ತರಿಸಿದ್ದು."

"ಯಾಕ ಮುಚ್ಚಲಿಲ್ಲ?"

"ನೀವ ಅಂದ್ರಿ, ಮೊದಲ ಬೋರ್ಡ್ ಹಾಕೂಣು, ಏನಾಗತದ ನೋಡೂಣು ಅಂತ."

ಸಾಹೇಬರು ಗುಮಾಸ್ತನನ್ನು ನೋಡಲಿಲ್ಲ. ಈರಣ್ಣನನ್ನು ನೋಡಿದರು. "ಹಂಗಾದ್ರ ನಿಮಗ ಮೂರನೇ ಗೇರ್ ಬರೂದಿಲ್ಲ."

"ಇಲ್ರಿ ಸಾಹೇಬ್ರ. ಅದನ್ನ ಹೇಳಾಕ ಬಂದಿದ್ದೆ. ತಪ್ಪಾತು." ಕೈ ಮುಗಿದುಕೊಂಡೇ ಕೇಳಿದ: "ಮತ್ತ ನಿಮಗ?"

"ನನಗ ಸರಕಾರ ಮೊದಲಿಂದ್ಲೂ ಡ್ರೈವರ್ ಕೊಟ್ಟದ," ಎಂದರು ಸಾಹೇಬರು.

ಪೇಪರಿನವರು ಅದನ್ನು ಬರೆದುಕೊಂಡರು. ಶ್ರೀನಾಥನಿಗೆ ಈಗ ಈರಣ್ಣನ ಮೇಲೆ ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ, "ಅಂಕಲ್, ಒಂದ್ ಮಾತು ಹೇಳಿದ್ರೆ ನಾನೇ ಕಲಿಸ್ತಿದ್ನಲ್ಲ!" ಎಂದ. ಕಲ್ಲವ್ವ ಮಾತ್ರ ಮಗಳ ಕೈ ಹಿಡಿದುಕೊಂಡು, "ನಿನಗ ಗೇರ್ ಹಾಕೂದು ಯಾರು ಕಲಿಸಿದ್ರವಾ?" ಎಂದು ಕೇಳುತ್ತಲೇ ಇದ್ದಳು.

ಮರುದಿನವೇ ಇಳಿಜಾರಿಗೆ ಯಂತ್ರ ಬಂತು, ಡಾಂಬರು ಬಂತು. ಗುಂಡಿ ಮುಚ್ಚಿತು, ತಿರುವು ಅಗಲವಾಯಿತು, ಕಂಬ ಕಂಬಕ್ಕೆ ದೀಪ ಹತ್ತಿದವು. ವೇಗದ ಮಿತಿ ಮನುಷ್ಯರು ಪಾಲಿಸಬಹುದಾದ ಅಂಕಿಗೆ ಏರಿತು. ದೊಡ್ಡ ಈರಣ್ಣನನ್ನು ಕ್ರೇನು ಹಚ್ಚಿ ಇಳಿಸಿದರು. ಖಾನಾವಳಿಯವನು ಫೋನ್ ಮಾಡಿ ರೊಟ್ಟಿ ಕೇಳಿದ. ಭಾನುವಾರದ ಮುಂಜಾನೆಗಳಲ್ಲಿ ಶ್ರೀನಾಥ್ ಕಾಲೇಜಿನ ಮೈದಾನದಲ್ಲಿ ಈರಣ್ಣನಿಗೂ ಶೈಲಾಗೂ ಗಾಡಿ ಕಲಿಸಿದ. ಶೈಲಾ ಮೊದಲು ಕಲಿತಳು.

ಇಷ್ಟು ದಿನ ಜನ ಅರ್ಜಿ ಕೊಟ್ಟರೂ ಆಗದ ಕೆಲಸ, ಸಾಹೇಬರನ್ನು ಒಮ್ಮೆ ಮುಂದಿನ ಸೀಟಿನಲ್ಲಿ ಕೂರಿಸಿದ ಕೂಡಲೇ ಆಯಿತು ಎಂಬ ಸುದ್ದಿ ಊರ ಸುತ್ತ ಹರಡಲು ತಡವಾಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬೇರೆ ಓಣಿಯ ಜನ ಈರಣ್ಣನ ಮನೆಗೆ ಬರತೊಡಗಿದರು. ಮೊದಲು ಬಂದವರು ಒಂದು ಕಾರ್ಖಾನೆಯ ಕೂಲಿಯವರು. ಅವರು ಪಾಳಿ ಮುಗಿಸಿ ಬರುವ ದಾರಿಯಲ್ಲಿ ಸೇತುವೆಯ ಕಟ್ಟೆ ಮುರಿದು ವರ್ಷವಾಗಿತ್ತು. ಈರಣ್ಣ ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಪ್ರಾಧಿಕಾರದ ಕಚೇರಿಗೆ ಹೋದ.

ಕೋಂಢಾಳಕರ ಸಾಹೇಬರು ಕಣ್ಣು ಮುಚ್ಚಿ ಎಲ್ಲ ಕೇಳಿದರು. ಕಟ್ಟೆ ಕಟ್ಟುವುದು ಸಣ್ಣ ಮಾತಲ್ಲ, ಸರ್ವೇ ಆಗಬೇಕು, ಮೇಲಿನಿಂದ ಮಂಜೂರಾತಿ ಬರಬೇಕು, ಈ ವರ್ಷ ಕಷ್ಟ, ಮುಂದಿನ ವರ್ಷ ನೋಡೋಣ ಎಂದರು.

"ಖರೇ ಅದರಿ," ಎಂದ ಈರಣ್ಣ, ಬಹಳ ನಯವಾಗಿ. "ಅವಸರ ಏನಿಲ್ರಿ ಸಾಹೇಬ್ರ. ಗಾಡಿ ಕೆಳಗ ನಿಂತದ. ಒಂದ ಸುತ್ತು ಹೋಗಿ, ಕಣ್ಣಾರೆ ನೋಡಿಕೊಂಡು ಬರೂಣ ಬರ್ರಿ. ನಾನ ಹೊಡೀತೇನಿ."

ಸಾಹೇಬರು ಕಣ್ಣು ತೆರೆದು, ಈರಣ್ಣನನ್ನು ಒಮ್ಮೆ ನೋಡಿ, ಫೋನಿಗೆ ಕೈ ಹಾಕಿದರು.

"ಹಲೋ, ಜೆಸಿಬಿ ಎಲ್ಲೆ ಅದ? ... ಊಟಾ ಆಮ್ಯಾಲೆ ಮಾಡ್ರಿ. ಮೊದಲ ಆ ಸೇತುವಿಗೆ ಹೋಗ್ರಿ."